ಮಳೆಯಲ್ಲಿ ಹೆಲ್ಮೆಟ್ ಗ್ಲಾಸ್ ತಿಳಿಯಾಗಿರಲು: ಬಯಲುಸೀಮೆಯ ಸವಾರರು ಯಾವುದನ್ನು ಆರಿಸಬೇಕು?

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸಿನದು. 7000 ಮಿಲಿಮೀಟರ್ ಮೀರುವ ಆಗುಂಬೆಯ ಮುಂದೆ ಇದು ಲೆಕ್ಕಕ್ಕೇ ಬಾರದು. ಹಾಗಿದ್ದೂ ಮಳೆ ಹಿಡಿದ ಸಂಜೆ ತೋರಣಗಲ್ಲಿನಿಂದ ಬಳ್ಳಾರಿಗೆ, ಶಕ್ತಿನಗರದಿಂದ ರಾಯಚೂರಿಗೆ, ಗಿಣಿಗೇರಿಯಿಂದ ಕೊಪ್ಪಳಕ್ಕೆ ಬೈಕಿನಲ್ಲಿ ಮರಳುವವರಿಗೆ ಹೆಲ್ಮೆಟ್ಟಿನ ಗ್ಲಾಸಿನಾಚೆ ರಸ್ತೆಯೇ ಕಾಣದಂತಾಗುವುದು ಹೊಸದೇನಲ್ಲ. ಇದಕ್ಕೆ ಕಾರಣವನ್ನು ಮಳೆಯ ಪ್ರಮಾಣದಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೊದಲ ಹನಿ ಬೀಳುವ ಮುನ್ನವೇ ಗ್ಲಾಸಿನ ಮೇಲೆ ಧೂಳು ಕುಳಿತಿರುತ್ತದೆ, ಹನಿ ಬಿದ್ದೊಡನೆ ಅದು ರಾಡಿಯಾಗುತ್ತದೆ, ಸವಾರ ಕೈಯಿಂದ ಒರೆಸುತ್ತಾನೆ, ಅಲ್ಲಿಗೆ ಗ್ಲಾಸಿನ ಮೇಲೆ ಶಾಶ್ವತವಾದ ಗೀರುಗಳು ಬೀಳುತ್ತವೆ.

ಅಂಗಡಿಗಳಲ್ಲಿ ಮತ್ತು ಆನ್‌ಲೈನಿನಲ್ಲಿ ಸಿಗುವ ಸ್ಪ್ರೇ, ಮೇಣ, ಫಿಲ್ಮ್‌ಗಳ ಪೈಕಿ ಬಹಳಷ್ಟು ಚಳಿ ಹೆಚ್ಚಿರುವ, ಧೂಳು ಕಡಿಮೆ ಇರುವ ದೇಶಗಳ ತೊಂದರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು. ಅವು ಕೆಲಸ ಮಾಡುವುದಿಲ್ಲವೆಂದಲ್ಲ. ಆದರೆ ನಮ್ಮ ರಸ್ತೆಗೆ ಅವುಗಳ ಕ್ರಮವನ್ನು ಬದಲಿಸಿಕೊಳ್ಳಬೇಕು. ಈ ಲೇಖಕನ ಅಭಿಪ್ರಾಯದಲ್ಲಿ ಮೊದಲ ಹಣ ಗೀರಿಲ್ಲದ ಕ್ಲಿಯರ್ ಗ್ಲಾಸಿಗೆ, ಎರಡನೆಯದು ಒಳಗಿನ ಮಂಜನ್ನು ತಡೆಯುವುದಕ್ಕೆ ಹೋಗಬೇಕು. ಹೊರಗಿನ ಲೇಪ ಅವೆರಡೂ ಆದ ಮೇಲಿನ ಮಾತು. ಮಾರಾಟಗಾರರು ಸಾಮಾನ್ಯವಾಗಿ ಇದೇ ಪಟ್ಟಿಯನ್ನು ತಿರುವಿ ಹೇಳುತ್ತಾರೆ.

ಮೊದಲು ಗ್ಲಾಸು

ಹೆಲ್ಮೆಟ್ಟಿನ ಗ್ಲಾಸು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಆದದ್ದು. ಪೆಟ್ಟು ಬಿದ್ದರೂ ಚೂರುಚೂರಾಗದಿರುವುದು ಅದರ ದೊಡ್ಡ ಗುಣ, ಬಹುಬೇಗ ಗೀರು ಬೀಳುವುದು ಅದರ ದೊಡ್ಡ ದೋಷ. ಈ ದೋಷವನ್ನು ತಗ್ಗಿಸಲೆಂದು ಒಳ್ಳೆಯ ಕಂಪನಿಗಳು ಅದರ ಮೇಲೆ ತೆಳ್ಳಗಿನ ಗಟ್ಟಿ ಲೇಪವೊಂದನ್ನು ಕೊಟ್ಟಿರುತ್ತವೆ. ಆ ಲೇಪ ಎದುರಿಸಬೇಕಾದ ಧೂಳು ಎಂಥದೆಂಬುದನ್ನು ನೋಡಿದರೆ ನಮ್ಮ ಭಾಗದ ಗ್ಲಾಸುಗಳು ಯಾಕೆ ಬೇಗ ಹಾಳಾಗುತ್ತವೆ ಎಂಬುದು ತಿಳಿಯುತ್ತದೆ. ಸಂಡೂರಿನ ಕಬ್ಬಿಣದ ಅದಿರು ಹೆಮಟೈಟ್ ಎಂಬ ಖನಿಜ; ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅದು 5ರಿಂದ 6ರ ಸುಮಾರಿಗೆ ಬರುತ್ತದೆ, ರಸ್ತೆಯ ಮರಳು 7ಕ್ಕೆ ಮುಟ್ಟುತ್ತದೆ. ರಾಯಚೂರು ಶಾಖೋತ್ಪನ್ನ ಕೇಂದ್ರದ ಹಾರುಬೂದಿಯಲ್ಲಿ ಇರುವುದು ಬಹುಪಾಲು ಸಿಲಿಕಾ ಮತ್ತು ಅಲ್ಯೂಮಿನಾ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಅಕ್ಕಿ ಗಿರಣಿಗಳ ಸುತ್ತ ಸವಾರರ ಕಣ್ಣಿಗೆ ಬೀಳುವ ಹೊಟ್ಟಿನ ಬೂದಿಯಲ್ಲೂ ಸಿಲಿಕಾ ತುಂಬಿದೆ. ಬೆರಳಿಗೆ ಮೆತ್ತಗೆ ತಾಗುವ ಈ ಪುಡಿಗಳು ಒಣ ಬಟ್ಟೆಯ ಕೆಳಗೆ ಸಿಕ್ಕರೆ ಉಪ್ಪುಕಾಗದದ ಕೆಲಸವನ್ನೇ ಮಾಡುತ್ತವೆ.

ಹಗಲಿನಲ್ಲಿ ಈ ಗೀರುಗಳು ಗಮನಕ್ಕೆ ಬರುವುದಿಲ್ಲ. ರಾತ್ರಿ ಎದುರಿನಿಂದ ಲಾರಿ ಬಂದಾಗ ಅದರ ಬೆಳಕು ಪ್ರತಿಯೊಂದು ಗೀರಿಗೂ ತಾಗಿ ಚದುರುತ್ತದೆ; ಜೊತೆಗೆ ಮಳೆಹನಿಗಳೂ ಸೇರಿದರೆ ಕೆಲವು ಕ್ಷಣ ಇಡೀ ಗ್ಲಾಸು ಬೆಳ್ಳಗಾಗಿ, ರಸ್ತೆಯ ಅಂಚು, ಎತ್ತಿನ ಬಂಡಿ, ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಯಾವುದೂ ಕಾಣುವುದಿಲ್ಲ. ಇಂಥ ಗ್ಲಾಸಿಗೆ ಯಾವ ಸ್ಪ್ರೇ ಹೊಡೆದರೂ ಪ್ರಯೋಜನವಿಲ್ಲ. ನಿಮ್ಮದು ಆ ಹಂತಕ್ಕೆ ಬಂದಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯಿದೆ: ಕತ್ತಲೆಯ ಕೋಣೆಯಲ್ಲಿ ತೊಳೆದ ಗ್ಲಾಸನ್ನು ಕಣ್ಣಿನ ಮುಂದೆ ಹಿಡಿದು, ಕೋಣೆಯ ಆಚೆ ಬದಿಯಲ್ಲಿಟ್ಟ ಮೊಬೈಲ್ ಟಾರ್ಚನ್ನು ಅದರ ಮೂಲಕ ನೋಡಿರಿ. ಬೆಳಕಿನ ಸುತ್ತ ವೃತ್ತವೃತ್ತವಾಗಿ ನವಿರಾದ ಗೆರೆಗಳು ಮೂಡಿದರೆ ಗ್ಲಾಸು ಬದಲಿಸುವ ಕಾಲ ಬಂದಿದೆ. ಸ್ಟಡ್ಸ್, ವೇಗಾ, ಸ್ಟೀಲ್‌ಬರ್ಡ್ ಮುಂತಾದ ನಮ್ಮ ದೇಶದ ಕಂಪನಿಗಳ ಸಾಮಾನ್ಯ ಹೆಲ್ಮೆಟ್ಟುಗಳಿಗೆ ಬದಲಿ ಗ್ಲಾಸು ಕೆಲವೇ ನೂರು ರೂಪಾಯಿಗೆ ದೊರೆಯುತ್ತದೆ.

ಬಣ್ಣದ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ಸ್ಮೋಕ್ ಗ್ಲಾಸು ಮತ್ತು ಕನ್ನಡಿಯಂತೆ ಹೊಳೆಯುವ ಮರ್ಕ್ಯುರಿ ಗ್ಲಾಸು ಏಪ್ರಿಲ್ ಮಧ್ಯಾಹ್ನಕ್ಕೆ ಹಿತವಾದರೂ ಮೋಡ ಕವಿದ ಸಂಜೆಗೆ ಅಪಾಯಕಾರಿ, ರಾತ್ರಿಗಂತೂ ಬೇಡವೇ ಬೇಡ. ಹಳದಿ ಗ್ಲಾಸು ಮಬ್ಬಿನಲ್ಲಿ ಚೆನ್ನಾಗಿ ಕಾಣಿಸುತ್ತದೆ ಎಂಬ ಮಾತು ಪ್ರಚಾರದಲ್ಲಿದ್ದರೂ ಅದು ಕಣ್ಣಿಗೆ ಬರುವ ಬೆಳಕನ್ನು ಕಡಿಮೆ ಮಾಡುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಬಿಸಿಲು ಮಳೆ ಎರಡಕ್ಕೂ ಒಂದೇ ಹೆಲ್ಮೆಟ್ ಬೇಕೆನ್ನುವವರು ಹೊರಗೆ ಕ್ಲಿಯರ್ ಗ್ಲಾಸು, ಒಳಗೆ ಮೇಲೆಕೆಳಗೆ ಸರಿಯುವ ಕಪ್ಪು ಗ್ಲಾಸು ಇರುವ ಮಾದರಿಯನ್ನು ಕೊಳ್ಳುವುದು ಒಳ್ಳೆಯದು. ಹೆಲ್ಮೆಟ್ಟನ್ನೇ ಹೊಸದಾಗಿ ಕೊಳ್ಳುವುದಿದ್ದರೆ ಐ.ಎಸ್. 4151 ಸಂಖ್ಯೆಯ ಐಎಸ್‌ಐ ಗುರುತು ನೋಡಲೇಬೇಕು. 2021ರ ಜೂನ್ 1ರಿಂದ ಈ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ಟುಗಳ ಮಾರಾಟಕ್ಕೆ ಅವಕಾಶವಿಲ್ಲ. ಅದರ ಜೊತೆಗೇ, ಇದೇ ಮಾದರಿಗೆ ಬದಲಿ ಗ್ಲಾಸು ಇದೇ ಊರಿನಲ್ಲಿ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿರಿ. ಈ ಪ್ರಶ್ನೆಗೆ ಉತ್ತರ ತಡವರಿಸಿದರೆ, ಹೆಲ್ಮೆಟ್ಟು ಎಷ್ಟೇ ಚೆಂದವಿರಲಿ, ಮುಂದಿನ ಮಳೆಗಾಲಕ್ಕೆ ತೊಂದರೆ ತಪ್ಪಿದ್ದಲ್ಲ.

ಹೊರಮೈ: ನೀರು ಹನಿಯಾಗಬೇಕೋ, ಹರಡಬೇಕೋ

ಹೊರಗಿನ ನೀರಿಗೆಂದು ಹಚ್ಚುವ ಲೇಪಗಳೆಲ್ಲ ಎರಡು ಬಗೆಯವು. ಒಂದು ಬಗೆಯ ಲೇಪ ನೀರನ್ನು ಒಲ್ಲದೆ ದುಂಡು ಹನಿಗಳಾಗಿ ಕೂಡಿಸುತ್ತದೆ. ಗಾಳಿಯ ರಭಸಕ್ಕೆ ಅವು ಉರುಳಿ ಹೋಗುತ್ತವೆ. ಮೇಣದ ಪಾಲಿಶ್, ಸಿಲಿಕೋನ್ ಪಾಲಿಶ್, ಮಳೆನೀರು ತಡೆಯುವ ದ್ರವಗಳು ಈ ಗುಂಪಿನವು. ಇನ್ನೊಂದು ಬಗೆ ನೀರನ್ನು ಹನಿಯಾಗಲು ಬಿಡದೆ ತೆಳುವಾದ ಪದರವಾಗಿ ಹರಡುತ್ತದೆ. ಸಾಬೂನು, ಶಾಂಪೂ, ಹೆಚ್ಚಿದ ಆಲೂಗಡ್ಡೆಯ ರಸ ಇವುಗಳ ಗುಟ್ಟು ಇಷ್ಟೇ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಮೊದಲನೆಯದು ಸೊಗಸಾಗಿ ಕಾಣುತ್ತದೆ. ಆದರೆ ಹನಿ ಉರುಳಿ ಹೋಗಬೇಕಾದರೆ ಗಾಳಿ ಬೇಕು, ಗಾಳಿಗೆ ವೇಗ ಬೇಕು. ಗಂಟೆಗೆ 50 ಕಿಲೋಮೀಟರ್ ದಾಟಿದ ಮೇಲೆ ಈ ಲೇಪಗಳು ತಮ್ಮ ಗುಣ ತೋರಿಸುತ್ತವೆ. ಅದಕ್ಕಿಂತ ಕೆಳಗೆ ಸಣ್ಣ ಹನಿಗಳು ಕುಳಿತಲ್ಲೇ ಕುಳಿತು, ಪ್ರತಿ ಹನಿಯೂ ಒಂದೊಂದು ಮಸೂರವಾಗಿ, ಎದುರಿನ ಒಂದು ದೀಪವನ್ನು ಹತ್ತಾರು ಮಾಡಿ ತೋರಿಸುತ್ತವೆ.

ಹೀಗಾಗಿ ಆಯ್ಕೆ ನೀವು ಓಡಿಸುವ ರಸ್ತೆಯನ್ನು ಅವಲಂಬಿಸಿದೆ. ಕೊಪ್ಪಳದಿಂದ ಗದಗಿನ ಕಡೆಗೋ ಹೊಸಪೇಟೆಯ ಕಡೆಗೋ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ದಿನಾಲು ಹೋಗಿಬರುವವರಿಗೆ ಹನಿ ಉರುಳಿಸುವ ಲೇಪ ಉಪಯುಕ್ತ. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲೋ ರಾಯಚೂರಿನ ಮಾರುಕಟ್ಟೆಯ ಗಲ್ಲಿಗಳಲ್ಲೋ ಸ್ಕೂಟರ್ ಓಡಿಸುವವರಿಗೆ, ತುಂತುರು ಮಳೆಯಲ್ಲಿ 30ರ ವೇಗ ದಾಟದವರಿಗೆ, ಅದು ರಸ್ತೆ ಕಾಣುವುದನ್ನು ಇದ್ದುದಕ್ಕಿಂತ ಕೆಡಿಸಲೂಬಹುದು. ಅವರಿಗೆ ಚೆನ್ನಾಗಿ ತೊಳೆದ ಬರೀ ಗ್ಲಾಸೇ ಮೇಲು. ಇಲ್ಲಿ ಒಂದು ಪೇಚೂ ಇದೆ: ಜೋರು ಮಳೆಯಲ್ಲಿ ಹೆದ್ದಾರಿಯ ಮೇಲೂ ವೇಗ ತಗ್ಗಿಸುವುದು ವಿವೇಕ, ತಗ್ಗಿಸಿದರೆ ಲೇಪದ ಅರ್ಧ ಉಪಯೋಗ ಹೋಯಿತು. ಲೇಪ ಕೆಲಸ ಮಾಡಲೆಂದು ಮಳೆಯಲ್ಲಿ ವೇಗ ಹೆಚ್ಚಿಸುವವರೂ ಇದ್ದಾರೆ. ಅವರಿಗೆ ಈ ಬರಹದಿಂದ ಉಪಯೋಗವಿಲ್ಲ.

ಹನಿ ಉರುಳಿಸುವುದನ್ನೇ ಆರಿಸಿಕೊಂಡವರು ಡಬ್ಬಿಯ ಹಿಂಬದಿಯನ್ನು ಓದಬೇಕು. ಕಾರಿನ ಮುಂಗಾಜಿಗೆಂದು ಮಾಡಿದ ದ್ರವಗಳು ಗಾಜಿಗಾಗಿಯೇ ಇರುವಂಥವು. ಉದಾಹರಣೆಗೆ ರೇನ್-ಎಕ್ಸ್‌ನ ಮೂಲ ದ್ರವವನ್ನು ಪ್ಲಾಸ್ಟಿಕ್ಕಿಗೆ ಬಳಸಬಾರದೆಂದು ತಯಾರಕರೇ ಹೇಳುತ್ತಾರೆ, ಪ್ಲಾಸ್ಟಿಕ್ಕಿಗೆಂದು ಅದೇ ಕಂಪನಿ ಬೇರೆಯ ದ್ರವವನ್ನು ಮಾರುತ್ತದೆ. ಲಾರಿ ಚಾಲಕರು ಮುಂಗಾಜಿಗೆ ಬೀಡಿಯ ತಂಬಾಕು ಉಜ್ಜುವುದನ್ನು ಕಂಡು ಹೆಲ್ಮೆಟ್ಟಿಗೂ ಅದನ್ನೇ ಮಾಡುವವರುಂಟು. ಗಾಜು ಅದನ್ನು ತಾಳಿಕೊಳ್ಳುತ್ತದೆ, ಪಾಲಿಕಾರ್ಬೊನೇಟ್ ತಾಳಿಕೊಳ್ಳುವುದಿಲ್ಲ. ಗೀರು ಹೋಗಲೆಂದು ಟೂತ್‌ಪೇಸ್ಟ್ ಉಜ್ಜುವುದು ಇನ್ನೂ ಕೆಟ್ಟದ್ದು. ಅದರಲ್ಲಿರುವ ಸವೆಸುವ ಪುಡಿ ಕೆಲವು ಗೀರುಗಳನ್ನು ಮರೆಸಿದಂತೆ ಕಂಡರೂ ಕಂಪನಿ ಕೊಟ್ಟ ಗಟ್ಟಿ ಲೇಪವನ್ನೇ ಕಿತ್ತುಹಾಕುತ್ತದೆ. ಪ್ಲಾಸ್ಟಿಕ್ಕಿಗೆ ಆಗಿಬರುವ ಮೇಣದ ಪಾಲಿಶ್ ಅಗ್ಗ, ಕೆಲವು ಮಳೆಗಳವರೆಗೆ ಬಾಳುತ್ತದೆ. ಹೆಲ್ಮೆಟ್ ಗ್ಲಾಸಿಗೆಂದೇ ಮಾಡಿದ ದ್ರವ ದುಬಾರಿ, ಸ್ವಲ್ಪ ಹೆಚ್ಚು ಬಾಳುತ್ತದೆ. ಅವುಗಳ ನಡುವೆ ಇರುವ ವ್ಯತ್ಯಾಸ ಬೆಲೆಯಲ್ಲಿರುವಷ್ಟು ದೊಡ್ಡದಲ್ಲ.

ಎಡಗೈಯ ತೋರುಬೆರಳಿಗೆ ಹಾಕಿಕೊಳ್ಳುವ ರಬ್ಬರ್ ವೈಪರ್, ಅಥವಾ ಅಂಥ ರಬ್ಬರ್ ಅಂಚನ್ನು ಹೊಲಿದ ಗ್ಲೌಸು ಮೂರನೆಯ ದಾರಿ. ಸೋನೆ ಮಳೆಗೆ ಇದರಷ್ಟು ನೇರವಾದ ಉಪಾಯ ಮತ್ತೊಂದಿಲ್ಲ. ಬಲಗೈಗೆ ಎಕ್ಸಿಲರೇಟರ್ ಇರುವುದರಿಂದ ಎಡಗೈಯದನ್ನೇ ಕೊಳ್ಳಬೇಕು. ಆದರೆ ರಬ್ಬರಿನ ಅಂಚಿಗೆ ಧೂಳು ಅಂಟಿದ್ದರೆ ಅದೂ ಗೀರುವ ಸಾಧನವೇ ಆಗುವುದರಿಂದ, ಮಳೆ ಚೆನ್ನಾಗಿ ಹಿಡಿದು ಗ್ಲಾಸು ತಾನಾಗಿ ತೊಳೆದುಹೋಗುವ ತನಕ ಅದನ್ನು ಬಳಸದಿರುವುದು ಲೇಸು.

ಲಾರಿಯ ಹಿಂಚಕ್ರದಿಂದ ಏಳುವ ಕೆಂಪು ರಾಡಿಯ ಮಾತೇ ಬೇರೆ. ಅದಿರಿನ ಪುಡಿಯ ಜೊತೆ ರಸ್ತೆಯ ಎಣ್ಣೆಯೂ ಸೇರಿರುವ ಈ ನೀರು ಮೇಣದ ಮೇಲೆ ನಿಲ್ಲುತ್ತದೆ, ಸಾಬೂನಿನ ಮೇಲೂ ನಿಲ್ಲುತ್ತದೆ, ಒರೆಸಿದರೆ ಗ್ಲಾಸಿನ ತುಂಬ ಬಳಿದುಕೊಳ್ಳುತ್ತದೆ. ಸಂಡೂರು ರಸ್ತೆಯಲ್ಲಿ ಓಡಾಡುವವರು ಬೈಕಿನ ಟ್ಯಾಂಕ್ ಬ್ಯಾಗಿನಲ್ಲೋ ಸ್ಕೂಟರಿನ ಮುಂದಿನ ಜೇಬಿನಲ್ಲೋ ಅರ್ಧ ಲೀಟರಿನ ನೀರಿನ ಬಾಟಲಿಯೊಂದನ್ನು ಇಟ್ಟುಕೊಳ್ಳುವುದು ಎಲ್ಲ ಲೇಪಗಳಿಗಿಂತ ಹೆಚ್ಚು ಉಪಕಾರಿ. ಮುಚ್ಚಳಕ್ಕೆ ಸಣ್ಣ ತೂತು ಕೊರೆದಿಟ್ಟರೆ, ಬದಿಗೆ ನಿಲ್ಲಿಸಿ ಬಾಟಲಿ ಅದುಮಿದೊಡನೆ ನೀರಿನ ಧಾರೆ ರಾಡಿಯನ್ನು ಮೇಲಿನಿಂದ ಕೆಳಗೆ ಇಳಿಸಿಕೊಂಡು ಹೋಗುತ್ತದೆ, ಕೈ ಮುಟ್ಟಿಸುವ ಪ್ರಮೇಯವೇ ಬರುವುದಿಲ್ಲ.

ಒಳಮೈ: ನಿಂತಾಗ ಹಿಡಿಯುವ ಮಂಜು

ನಾವು ಹೊರಬಿಡುವ ಉಸಿರು ಸುಮಾರು 34 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದ್ದು, ಅದರಲ್ಲಿ ತೇವ ತುಂಬಿರುತ್ತದೆ. ಮಳೆನೀರು ತಾಗಿ ಗ್ಲಾಸು 24 ಡಿಗ್ರಿಗೆ ಇಳಿದರೂ ಸಾಕು, ಆ ತೇವ ಒಳಮೈಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಕೂರುತ್ತದೆ. ಚಳಿಯೇ ಇಲ್ಲದ ಊರಿನಲ್ಲಿ ಮಂಜು ಎಲ್ಲಿಂದ ಬಂತು ಎಂದು ಬೆರಗಾಗಬೇಕಿಲ್ಲ. ನಮ್ಮಲ್ಲಿ ಇರುವ ಭೇದವೆಂದರೆ, ಓಡುವಾಗ ಗದ್ದದ ಬಳಿಯ ಕಿಂಡಿಯಿಂದ ನುಗ್ಗುವ ಗಾಳಿ ಈ ಮಂಜನ್ನು ಬಹುಮಟ್ಟಿಗೆ ಒಣಗಿಸುತ್ತದೆ. ಸಿಗ್ನಲಿನಲ್ಲಿ, ರೈಲ್ವೆ ಗೇಟಿನಲ್ಲಿ, ಹೊಂಡ ತುಂಬಿದ ರಸ್ತೆಯಲ್ಲಿ ನಿಧಾನವಾದಾಗ ಅದು ಒಮ್ಮೆಲೇ ಹಿಡಿಯುತ್ತದೆ. ಆದ್ದರಿಂದ ದಾರಿಯಲ್ಲಿ ಎಷ್ಟು ಸಲ ನಿಲ್ಲಬೇಕಾಗುತ್ತದೆ ಎಂಬುದರ ಮೇಲೆ ಉಪಾಯ ಆರಿಸಬೇಕು.

ಗ್ಲಾಸನ್ನು ಪಕ್ಕದ ಕೀಲಿನ ಒಂದು ಹಲ್ಲಿನಷ್ಟು ಎತ್ತಿ ಸಂದು ಬಿಡುವುದು ಖರ್ಚಿಲ್ಲದ ದಾರಿ. ಊರೊಳಗೆ ಓಡಾಡುವವರಲ್ಲಿ ಹೆಚ್ಚಿನವರಿಗೆ ಇಷ್ಟೇ ಸಾಕು ಎಂಬುದನ್ನು ಯಾವ ಅಂಗಡಿಯವರೂ ಹೇಳಲಾರರು. ರೋಹಿಣಿ, ಮೃಗಶಿರಾ ಮಳೆಗಳ ಹೊತ್ತಿನಲ್ಲಿ ಮಾತ್ರ ಇದು ಕೈಕೊಡುತ್ತದೆ: ಆಗ ಮಳೆಗಿಂತ ಮುಂಚೆ ಬಿರುಗಾಳಿ ಧೂಳನ್ನು ಎಬ್ಬಿಸಿಕೊಂಡು ಬರುತ್ತದೆ, ಸಂದು ಬಿಟ್ಟರೆ ಕಣ್ಣಿಗೆ ಮಣ್ಣು, ಮುಚ್ಚಿದರೆ ಮಂಜು.

ಮನೆಯ ಸಾಮಾನಿನಿಂದಲೇ ಆಗುವ ಎರಡನೆಯ ದಾರಿ ಸಾಬೂನಿನ ಪದರ. ಪಾತ್ರೆ ತೊಳೆಯುವ ದ್ರವ ಅಥವಾ ಮಕ್ಕಳ ಶಾಂಪೂವಿನ ಒಂದೇ ಒಂದು ಹನಿಯನ್ನು ಒಣಗಿದ ಒಳಮೈಗೆ ಬೆರಳ ತುದಿಯಿಂದ ತೆಳುವಾಗಿ ಸವರಿ, ಆರಲು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ಗ್ಲಾಸು ತಿಳಿಯಾಗುವವರೆಗೆ ಹಗುರಾಗಿ ತಿಕ್ಕಬೇಕು. ಶೇವಿಂಗ್ ಫೋಮ್ ಕೂಡ ಇದೇ ರೀತಿ ಕೆಲಸ ಮಾಡುತ್ತದೆ. ಬಾಳಿಕೆ ಒಂದೆರಡು ದಿನ. ಹನಿ ಹೆಚ್ಚಾದರೆ ಮಳೆನೀರು ಒಳಗೆ ಸೇರಿದಾಗ ಸಾಬೂನು ಕರಗಿ ಕಣ್ಣಿಗಿಳಿದು ಉರಿಯುತ್ತದೆ. ಓಡಿಸುವಾಗ ಇದು ಮಂಜಿಗಿಂತ ಕಷ್ಟ. ಅಂಗಡಿಯ ಆ್ಯಂಟಿಫಾಗ್ ಸ್ಪ್ರೇ ಇದೇ ತತ್ತ್ವದ್ದಾದರೂ ಕಣ್ಣುರಿಯ ಭಯ ಕಡಿಮೆ, ಬಾಳಿಕೆ ಕೆಲವು ದಿನ ಹೆಚ್ಚು. ಹನಿ ಉರುಳಿಸುವ ಹೊರಗಿನ ಲೇಪವನ್ನು ತಪ್ಪಿ ಒಳಗೆ ಹಚ್ಚಬೇಡಿರಿ. ಹಚ್ಚಿದರೆ ಮಂಜು ಇನ್ನಷ್ಟು ದಟ್ಟವಾಗಿ ಹಿಡಿಯುತ್ತದೆ.

ದುಬಾರಿಯಾದರೂ ನಿಜವಾಗಿ ಬೇರೆಯೇ ತರಗತಿಗೆ ಸೇರುವುದು ಪಿನ್‌ಲಾಕ್. ನೆದರ್ಲೆಂಡ್ಸಿನ ಕಂಪನಿಯೊಂದರ ಈ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯನ್ನು ಗ್ಲಾಸಿನ ಒಳಬದಿಯ ಎರಡು ಸಣ್ಣ ಗೂಟಗಳ ನಡುವೆ ಕೂಡಿಸುತ್ತಾರೆ. ಅಂಚಿನ ಸಿಲಿಕೋನ್ ಬದು ಗ್ಲಾಸಿಗೆ ಒತ್ತಿಕೊಂಡು ನಡುವೆ ಗಾಳಿಯ ತೆಳುಪದರ ಉಳಿಯುತ್ತದೆ, ಅದರಿಂದ ಹೊರಗಿನ ತಂಪು ಒಳಗಿನ ಪಟ್ಟಿಗೆ ಮುಟ್ಟುವುದಿಲ್ಲ. ಪಟ್ಟಿಯೂ ತೇವವನ್ನು ಹೀರಿಕೊಳ್ಳುವಂಥದು. 30, 70, 120 ಎಂಬ ದರ್ಜೆಗಳಲ್ಲಿ ಸಂಖ್ಯೆ ಏರಿದಂತೆ ಶಕ್ತಿಯೂ ಬೆಲೆಯೂ ಏರುತ್ತವೆ. ನಮ್ಮ ಹವೆಗೆ 120 ಅನಗತ್ಯ, 70 ಧಾರಾಳ, 30 ಸಾಕು. ಪಟ್ಟಿ ಮತ್ತು ಗ್ಲಾಸಿನ ನಡುವೆ ಮಂಜು ಕಂಡರೆ ಪಟ್ಟಿ ಸಡಿಲವಾಗಿದೆ ಎಂದರ್ಥ; ಅನೇಕ ಮಾದರಿಗಳಲ್ಲಿ ಗೂಟವನ್ನು ತುಸು ತಿರುಗಿಸಿದರೆ ಅದು ಬಿಗಿಯಾಗುತ್ತದೆ. ಗೂಟಗಳಿಲ್ಲದ ಗ್ಲಾಸಿಗೆ ಇದು ಕೂರುವುದಿಲ್ಲವಾದ್ದರಿಂದ ಕೊಳ್ಳುವ ಮುನ್ನ ನೋಡಿಕೊಳ್ಳಬೇಕು. ಇದರ ದೌರ್ಬಲ್ಯ ಅದರ ಮೃದುತ್ವ: ಉಗುರು ತಾಗಿದರೂ ಗೀರು ಬೀಳುತ್ತದೆ, ಸ್ಪ್ರೇ ತಾಗಿದರೆ ಹಾಳಾಗುತ್ತದೆ, ಅದನ್ನು ಉಗುರುಬೆಚ್ಚನೆಯ ನೀರಿನಲ್ಲಿ ಹಗುರಾಗಿ ತೊಳೆಯಬೇಕು. ತೋರಣಗಲ್ಲಿನ ಕಾರ್ಖಾನೆಗೆ ರಾತ್ರಿ ಪಾಳಿಗೆ ಹೋಗಿಬರುವವರಿಗೆ, ಕುಷ್ಟಗಿಯಿಂದಲೋ ಲಿಂಗಸುಗೂರಿನಿಂದಲೋ ಕತ್ತಲಲ್ಲಿ ಮರಳುವ ನೌಕರರಿಗೆ ಈ ಖರ್ಚು ತಕ್ಕದ್ದು. ಬೆಳಗಿನ ಹೊತ್ತು ಕಾಲೇಜಿಗೆ ಹೋಗಿ ಮಧ್ಯಾಹ್ನ ಮನೆ ಸೇರುವ ಹುಡುಗನಿಗೆ ಅಷ್ಟೇ ಹಣದಲ್ಲಿ ಹಲವು ಹೊಸ ಗ್ಲಾಸುಗಳು ಬರುತ್ತವೆ.

ಧೂಳಿಗಾಗಿ ಮೂಗಿನ ಮೇಲೆ ದಸ್ತಿ ಕಟ್ಟಿಕೊಳ್ಳುವ ರೂಢಿ ಈ ಮೂರೂ ಜಿಲ್ಲೆಗಳಲ್ಲಿದೆ. ಮಳೆ ಬಂದೊಡನೆ ಅದನ್ನು ಗದ್ದಕ್ಕೆ ಇಳಿಸಬೇಕು. ನೆನೆದ ದಸ್ತಿ ಉಸಿರನ್ನು ಮೇಲಕ್ಕೆ ತಳ್ಳಿ ನೇರವಾಗಿ ಗ್ಲಾಸಿಗೂ ಕನ್ನಡಕಕ್ಕೂ ಬಿಡುತ್ತದೆ. ಕನ್ನಡಕ ಹಾಕುವವರಿಗೆ ಈ ತೊಂದರೆ ಎರಡು ಪಟ್ಟು, ಯಾಕೆಂದರೆ ಹೆಲ್ಮೆಟ್ಟಿನ ಗ್ಲಾಸನ್ನು ಎತ್ತಿದರೂ ಕನ್ನಡಕದ ಮಂಜು ಉಳಿಯುತ್ತದೆ. ಅವರು ಮೊದಲು ಕೊಳ್ಳಬೇಕಾದದ್ದು ಮೂಗಿನ ಮೇಲೆ ಕೂರುವ ಬ್ರೀತ್ ಗಾರ್ಡ್ ಎಂಬ ಸಣ್ಣ ರಬ್ಬರ್ ತಡೆ. ಉಸಿರನ್ನು ಕೆಳಕ್ಕೆ ತಿರುಗಿಸುವ ಈ ತುಣುಕಿನ ಬೆಲೆ ಸ್ಪ್ರೇಗಿಂತ ಹೆಚ್ಚೇನಿಲ್ಲ, ಅನೇಕ ಫುಲ್‌ಫೇಸ್ ಹೆಲ್ಮೆಟ್ಟುಗಳಲ್ಲಿ ಅದು ಮೊದಲೇ ಬಂದಿರುತ್ತದೆ, ಮಾಲೀಕರು ಅಡ್ಡಿಯೆಂದು ಕಿತ್ತಿಟ್ಟಿರುತ್ತಾರೆ. ಹಾಫ್‌ಫೇಸ್ ಹೆಲ್ಮೆಟ್ಟಿನಲ್ಲಿ ಮಂಜು ಕಡಿಮೆ ಎಂಬುದು ನಿಜ. ಗದ್ದಕ್ಕೆ ರಕ್ಷಣೆಯಿಲ್ಲದಿರುವುದು ಅದಕ್ಕಿಂತ ದೊಡ್ಡ ನಿಜ.

ತೊಳೆಯುವುದು

ಮೇಲಿನ ಯಾವುದನ್ನು ಆರಿಸಿದರೂ ತೊಳೆಯುವ ಕ್ರಮ ತಪ್ಪಿದರೆ ಎಲ್ಲವೂ ವ್ಯರ್ಥ. ಗ್ಲಾಸನ್ನು ಬಿಚ್ಚಿ ನೀರು ಹರಿಸಿ, ಚೆನ್ನಾಗಿ ನೆನೆದ ಹಳೆಯ ಬನಿಯನ್ ಬಟ್ಟೆಯನ್ನು ಅದರ ಮೇಲೆ ಹೊದಿಸಿ ಐದು ನಿಮಿಷ ಬಿಡಬೇಕು. ಉಜ್ಜದೆ ಹಾಗೇ ಎತ್ತಿದರೆ ಬಟ್ಟೆಯ ಮೇಲೆ ಗ್ಲಾಸಿನ ಆಕಾರದಲ್ಲಿ ಕೆಂಪು ಅಚ್ಚು ಮೂಡಿರುತ್ತದೆ. ಅಷ್ಟು ಪುಡಿ ಉಜ್ಜಿದ್ದರೆ ಗ್ಲಾಸಿಗೆ ಏನಾಗುತ್ತಿತ್ತೆಂಬುದನ್ನು ಆ ಅಚ್ಚೇ ಹೇಳುತ್ತದೆ. ಆಮೇಲೆ ಶಾಂಪೂ ನೀರಿನಲ್ಲಿ ಬೆರಳಿನಿಂದ ತೊಳೆದರೆ ಮುಗಿಯಿತು. ರಾಯಚೂರು, ಕೊಪ್ಪಳದ ಕಡೆ ಬೋರ್‌ವೆಲ್ ನೀರು ಗಡಸಾಗಿರುವಲ್ಲಿ ಆರಿದ ಮೇಲೆ ಬಿಳಿ ಕಲೆಗಳು ಉಳಿಯುತ್ತವೆ. ಕೊನೆಯ ಸಲ ಒಂದು ಲೋಟ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಸುರಿದರೆ ಆ ಕಲೆ ಬರುವುದಿಲ್ಲ. ಗ್ಯಾರೇಜಿನ ವೇಸ್ಟ್ ಬಟ್ಟೆ, ಪೆಟ್ರೋಲು, ಥಿನ್ನರ್, ಅಮೋನಿಯಾ ಇರುವ ಕಿಟಕಿ ಗಾಜಿನ ದ್ರವ ಇವುಗಳನ್ನು ಹತ್ತಿರ ತರಬಾರದು. ಪಾಲಿಕಾರ್ಬೊನೇಟಿನೊಳಗೆ ಅವು ಎಬ್ಬಿಸುವ ಕೂದಲೆಳೆಯ ಬಿರುಕುಗಳು ಎಷ್ಟು ತೊಳೆದರೂ ಹೋಗುವುದಿಲ್ಲ.

ಬದಲಿ ಗ್ಲಾಸನ್ನು ಮಳೆ ಹತ್ತುವ ಮುನ್ನವೇ, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ ತಂದಿಟ್ಟುಕೊಳ್ಳುವುದು ಒಳ್ಳೆಯದು. ಗ್ಲಾಸುಗಳು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ, ಕಂಪನಿಯ ಹೆಸರೊಂದನ್ನೇ ಹೇಳಿ ತಂದದ್ದು ಮನೆಯಲ್ಲಿ ಕೂರದೆ ಹೋಗಬಹುದು. ಹೆಲ್ಮೆಟ್ಟಿನ ಒಳಗೆ ಅಂಟಿಸಿರುವ ಚೀಟಿಯ ಮತ್ತು ಗ್ಲಾಸು ಕೂರುವ ಪಕ್ಕದ ಕೀಲಿನ ಫೋಟೋ ತೆಗೆದುಕೊಂಡು ಹೋಗಿರಿ. ಸಾಧ್ಯವಾದರೆ ಹೆಲ್ಮೆಟ್ಟನ್ನೇ ಒಯ್ದು, ಗ್ಲಾಸನ್ನು ಅಂಗಡಿಯಲ್ಲೇ ಕೂಡಿಸಿ, ಮುಚ್ಚಿದಾಗ ಮೇಲಿನ ರಬ್ಬರಿಗೆ ಎಲ್ಲ ಕಡೆಯೂ ಒತ್ತಿಕೊಳ್ಳುತ್ತದೆಯೇ ಎಂದು ನೋಡಿ ಹಣ ಕೊಡಿರಿ. ಅಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಮಳೆನೀರು ಒಳಮೈಯಗುಂಟ ಇಳಿಯುತ್ತದೆ.